ಓದಿದ್ದು ನೀನೇ

ಕಳಸ
ಜೂನ್ ಮೊದಲ ವಾರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆದಿದ್ದೀಯಲ್ಲ, ವಿಷಯ ಫೋನಿನಲ್ಲಿ ಆಡುವಂಥದ್ದಲ್ಲ ಅಂತ ಕವರು ನೋಡಿದಾಗಲೇ ಗೊತ್ತಾಯಿತು. ಅಷ್ಟುದ್ದದ ಕಾಗದದಲ್ಲಿ ಪ್ರಶ್ನೆ ಇರುವುದು ಒಂದೇ ಸಾಲಿನಲ್ಲಿ: "ಅತ್ತೆ, ಮಾತ್ರೆ ತಗೊಂಡು ಓದಿದ್ರೆ ಓದಿದ್ದು ನಾನಾ, ಮಾತ್ರೆಯಾ?" ಉಳಿದದ್ದೆಲ್ಲ ಹಾಸ್ಟೆಲಿನ ಸಾರಿನ ಮೇಲೆ ದೂರು. ಸಾರಿನ ವಿಷಯದಲ್ಲಿ ನನ್ನಿಂದ ಏನೂ ಆಗುವುದಿಲ್ಲ. ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಉದ್ದವಾಗುತ್ತದೆ, ಒಂದೇ ಉಸಿರಿಗೆ ಓದಬೇಕೆಂದೇನಿಲ್ಲ. ನಾನು ಡಾಕ್ಟರಲ್ಲ ಅನ್ನುವುದು ನೆನಪಿರಲಿ. ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಹೇಳಿ, ನಿವೃತ್ತಿಯಾಗಿ ತೋಟಕ್ಕೆ ಬಂದು ಕೂತವಳು. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಏನು ಮಾಡುತ್ತದೆ ಅನ್ನುವುದು ಗೊತ್ತು. ನಿನಗೆ ಎಷ್ಟು ಬೇಕು ಅನ್ನುವುದು ನಿನ್ನ ಡಾಕ್ಟರಿಗೆ ಗೊತ್ತು.

ಮೊದಲು ಮನೆಯ ಸುದ್ದಿ. ನಿನಗೆ ಎಡಿಎಚ್‌ಡಿ (ಗಮನ ಹತೋಟಿಗೆ ಸಿಗದ ತೊಂದರೆ) ಇದೆ ಎಂದು ಹೇಳಿ ಡಾಕ್ಟರು ಮೀಥೈಲ್‌ಫೆನಿಡೇಟ್ ಬರೆದುಕೊಟ್ಟ ದಿನದಿಂದ ಇಲ್ಲಿ ಮೂರು ಪಕ್ಷಗಳಾಗಿವೆ. ನಿಮ್ಮಪ್ಪನದು "ಇದು ಡ್ರಗ್ಸ್" ಪಕ್ಷ. ಚೀಟಿ ಹಿಡಿದುಕೊಂಡು ಹೋದ ಮೆಡಿಕಲ್ ಶಾಪಿನವರು "ಅದನ್ನು ನಾವು ಇಡೋದಿಲ್ಲ" ಅಂದ ಮೇಲೆ ಅವನ ಅನುಮಾನ ಗಟ್ಟಿಯಾಗಿದೆ. ಅಜ್ಜಿಯದು ಒಂದೆಲಗದ ಪಕ್ಷ. ದಿನಾ ತಂಬುಳಿ ಮಾಡಿ ಕೊಟ್ಟಿದ್ದರೆ ಈ ಹುಡುಗಿ ಬೆಂಗಳೂರಿನ ಆಸ್ಪತ್ರೆ ಹತ್ತುತ್ತಲೇ ಇರಲಿಲ್ಲವಂತೆ. ನಿಮ್ಮಮ್ಮನದು ಪರೀಕ್ಷೆಯ ಪಕ್ಷ: ಏನು ಬೇಕಾದರೂ ನುಂಗಲಿ, ಸೆಕೆಂಡ್ ಪಿಯುಸಿ ಒಂದು ದಾಟಲಿ. ಮೂವರೂ ನಿನ್ನ ಒಳ್ಳೆಯದಕ್ಕೇ ಜಗಳ ಆಡುತ್ತಾರೆ. ಆದರೆ ಆ ಮಾತ್ರೆ ತೆಗೆದುಕೊಂಡಾಗ ಒಳಗೆ ಹೇಗನ್ನಿಸುತ್ತದೆ ಎಂದು ನಿನ್ನನ್ನು ಕೇಳಿದವರು ಯಾರೂ ಇಲ್ಲ. ನೀನಾಗಿಯೇ ನನಗೆ ಬರೆದೆ, ಒಳ್ಳೆಯದಾಯಿತು.

ನಿಮ್ಮಪ್ಪನ ಮಾತಿನಿಂದ ಶುರು ಮಾಡುತ್ತೇನೆ, ಅದರಲ್ಲಿ ಅರ್ಧ ಸತ್ಯ ಇದೆ. 1985ರ ಮಾದಕ ದ್ರವ್ಯಗಳ ಕಾಯ್ದೆಯ ಪಟ್ಟಿಯಲ್ಲಿ ಮೀಥೈಲ್‌ಫೆನಿಡೇಟ್ ಇದೆ. ಅದಕ್ಕೇ ಎಲ್ಲ ಅಂಗಡಿಯವರೂ ಅದನ್ನು ಇಡುವ ಗೋಜಿಗೆ ಹೋಗುವುದಿಲ್ಲ, ಚೀಟಿ ಇಲ್ಲದೆ ಕೊಡುವ ಹಾಗೂ ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ಡಯಾಜೆಪಾಮ್ ಕೂಡ ಇದೆ ಮಾರಾಯ್ತಿ. ನಿನ್ನ ಅಜ್ಜ ಕೊನೆಗಾಲದಲ್ಲಿ ರಾತ್ರಿ ನಿದ್ದೆಗೆಂದು ಅದನ್ನು ನುಂಗುತ್ತಿದ್ದಾಗ, ತಂದುಕೊಡುತ್ತಿದ್ದವನು ಇದೇ ನಿಮ್ಮಪ್ಪ. ಆಗ ಅದು "ಅಪ್ಪನ ನಿದ್ದೆ ಮಾತ್ರೆ" ಆಗಿತ್ತು.

ಇನ್ನೊಂದು ಮಾತೂ ಅವನ ಕಿವಿಗೆ ಬಿದ್ದಿದೆ: ಈ ಔಷಧ ಕೊಕೇನ್ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುತ್ತದೆ ಅನ್ನುವುದು. ಅದೂ ನಿಜವೇ. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಡೋಪಮೈನ್ ಎಂಬ ರಾಸಾಯನಿಕವನ್ನು ನಡುವಿನ ಸಂದಿಗೆ ಬಿಡುತ್ತದೆ. ಬಿಟ್ಟದ್ದನ್ನು ಕೂಡಲೇ ವಾಪಸು ಎಳೆದುಕೊಳ್ಳುವುದಕ್ಕೆ ಒಂದು ಪ್ರೋಟೀನ್ ಇದೆ. ಮೀಥೈಲ್‌ಫೆನಿಡೇಟ್ ಆ ಪ್ರೋಟೀನಿಗೆ ಅಡ್ಡ ಕೂರುತ್ತದೆ, ಡೋಪಮೈನ್ ಸಂದಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಕೊಕೇನ್ ಮಾಡುವುದೂ ಇದನ್ನೇ. ಅಮೆರಿಕದಲ್ಲಿ ನೋರಾ ವೋಲ್ಕೋ ಎಂಬ ವಿಜ್ಞಾನಿಯ ತಂಡ ಬದುಕಿರುವ ಮನುಷ್ಯರ ಮಿದುಳನ್ನು ಸ್ಕ್ಯಾನ್ ಮಾಡಿ ಎರಡನ್ನೂ ಹೋಲಿಸಿತು. ವ್ಯತ್ಯಾಸ ಇರುವುದು ವೇಗದಲ್ಲಿ. ರಕ್ತನಾಳಕ್ಕೆ ಚುಚ್ಚಿದ ಕೊಕೇನ್ ಕೆಲವೇ ನಿಮಿಷಗಳಲ್ಲಿ ಮಿದುಳಿನಲ್ಲಿ ತುದಿ ಮುಟ್ಟುತ್ತದೆ. ಬಾಯಿಂದ ನುಂಗಿದ ಮೀಥೈಲ್‌ಫೆನಿಡೇಟ್ ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಂಡು ಮೆಲ್ಲಗೆ ಏರುತ್ತದೆ. ಅಮಲು ಹುಟ್ಟುವುದು ಆ ದಿಢೀರ್ ಏರಿಕೆಯಿಂದ. ಮೆಲ್ಲಗೆ ಏರಿದರೆ ಅಮಲಿಲ್ಲ. ಹೇಳಿದ ಪ್ರಮಾಣದಲ್ಲಿ ನುಂಗಿದವರಿಗೆ ಒಂದು ಬಗೆಯ ನೆಮ್ಮದಿಯ ನೆಲೆ ಸಿಗುತ್ತದೆ, ಅಷ್ಟೇ. ಮಕ್ಕಳಾಗಿದ್ದಾಗ ಈ ಔಷಧ ತೆಗೆದುಕೊಂಡವರು ಮುಂದೆ ಚಟಕ್ಕೆ ಬೀಳುವುದು ಹೆಚ್ಚೇ ಎಂದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದಾರೆ. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ನನಗೆ ನಗು ಬರುವುದು ಬೇರೆ ವಿಷಯಕ್ಕೆ. ನಿನ್ನ ಮಾತ್ರೆ ಉತ್ತೇಜಕಗಳ ಗುಂಪಿಗೆ ಸೇರಿದ್ದು. "ಉತ್ತೇಜಕ" ಅನ್ನುವ ಶಬ್ದ ಕೇಳಿ ಹೌಹಾರುವ ಈ ಮನೆ ನಿಂತಿರುವುದೇ ಒಂದು ಉತ್ತೇಜಕದ ಮೇಲೆ. ಬಾಬಾಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದು ಚಂದ್ರಗಿರಿಯಲ್ಲಿ ಬಿತ್ತಿದರು ಅನ್ನುವ ಕಥೆಯನ್ನು ನಮ್ಮ ಕಡೆ ಎಳೆಮಕ್ಕಳೂ ಹೇಳುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಅರ್ಧ ಮನೆಗಳ ಹೆಂಚು ಹೊದೆಸಿದ್ದು ಆ ಬೀಜದ ದುಡ್ಡು. ಬಾಳೆಹೊನ್ನೂರಿನಲ್ಲಿ 1925ರಿಂದ ಒಂದು ಸಂಶೋಧನಾ ಕೇಂದ್ರವೇ ಅದಕ್ಕಾಗಿ ಇದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ನಿಮ್ಮಪ್ಪ ಬೆಳಗ್ಗೆ ನೆರಳುಮರದ ರೆಂಬೆ ಕಡಿಯುವ ಮರಗಸಿಗೆ ಆಳು ಬರುವ ಮುಂಚೆ ಅಂಥ ಎರಡು ಲೋಟ ಇಳಿಸದೆ ಮಾತೇ ಆಡುವುದಿಲ್ಲ. ಕಾಫಿ ಕೆಟ್ಟದ್ದು ಅನ್ನುತ್ತಿಲ್ಲ. ಒಂದು ಉತ್ತೇಜಕ ಸ್ಟೀಲ್ ಲೋಟದಲ್ಲಿ ಬಂದರೆ ಸಂಸ್ಕೃತಿ, ಇನ್ನೊಂದು ಸ್ಟ್ರಿಪ್ಪಿನಲ್ಲಿ ಬಂದರೆ ಕಳಂಕ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ಕಾಫಿಯನ್ನೇ ಕುಡಿದರಾಯಿತಲ್ಲ ಎಂದು ನೀನೂ ಕೇಳಿದ್ದೀಯ. ಹಾಸ್ಟೆಲಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡಿದ್ದೀಯಂತೆ. ಇದನ್ನು ನಿನಗಿಂತ ಮುಂಚೆ ಡಾಕ್ಟರುಗಳೇ ಕೇಳಿ ನೋಡಿದ್ದಾರೆ. 1973ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಷ್ನಾಕೆನ್‌ಬರ್ಗ್ ಅತಿ ಚಟುವಟಿಕೆಯ ಮಕ್ಕಳಿಗೆ ಕಾಫಿ ಕುಡಿಸಿ, ಔಷಧದ ಬದಲಿಗೆ ಇದೇ ಸಾಕಾದೀತು ಎಂದು ಒಂದು ಪ್ರಬಂಧ ಬರೆದ. ಓದಿದಾಗ ನನಗೆ ನಮ್ಮ ಬೆಳೆಗಾರರ ಸಂಘಕ್ಕೆ ಕಳಿಸೋಣ ಅನ್ನಿಸಿತ್ತು. ಆದರೆ ಯಾವುದರಲ್ಲಿ ಕೆಫೀನ್ ಇದೆ, ಯಾವುದರಲ್ಲಿ ಇಲ್ಲ ಎಂದು ಕೊಡುವವರಿಗೂ ಕುಡಿಯುವವರಿಗೂ ಗೊತ್ತಾಗದ ಹಾಗೆ ಬೇರೆಯವರು ಪರೀಕ್ಷೆ ಮಾಡಿದಾಗ, ಒಂದೆರಡು ವರ್ಷದೊಳಗೇ ಕಾಫಿ ಸೋತಿತು. ಕೆಫೀನಿನ ದಾರಿಯೇ ಬೇರೆ. ದಿನವಿಡೀ ಮಿದುಳಿನಲ್ಲಿ ಸೇರುತ್ತ ಹೋಗಿ ತೂಕಡಿಕೆ ತರುವ ಅಡೆನೊಸಿನ್ ಎಂಬುದನ್ನು ಅದು ತಡೆಯುತ್ತದೆ. ನಿದ್ದೆ ದೂರ ಹೋಗುತ್ತದೆ, ಮನಸ್ಸು ಹತ್ತಿರ ಬರುವುದಿಲ್ಲ. ಮಾತ್ರೆಯ ಜೊತೆ ಫ್ಲಾಸ್ಕೂ ಖಾಲಿ ಮಾಡಿದರೆ ಎದೆ ಡವಗುಟ್ಟುತ್ತದೆ, ರಾತ್ರಿ ಕಣ್ಣು ಮುಚ್ಚುವುದಿಲ್ಲ. ಬೆಳಗ್ಗೆ ಒಂದು ಲೋಟ ಇರಲಿ, ಅದರ ಮೇಲೆ ಡಾಕ್ಟರನ್ನು ಕೇಳಿ ಕುಡಿ. ಒಂದೆಲಗದ ತಂಬುಳಿಯನ್ನು ಮನೆಗೆ ಬಂದಾಗ ಅಜ್ಜಿಯ ಕೈಯಿಂದ ಎಷ್ಟು ಬೇಕಾದರೂ ಹಾಕಿಸಿಕೋ, ರುಚಿಗೆ. ಮದ್ದಿನ ಜಾಗಕ್ಕೆ ಅದನ್ನು ಕೂರಿಸಬೇಡ.

ಇನ್ನು ನಿನ್ನ ಪ್ರಶ್ನೆ.

ಕಾಗದದಲ್ಲಿ ನೀನು ಬರೆದ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಓದಿದೆ. ರೂಮಿನ ಹುಡುಗಿ ಚುಚ್ಚಿ ಮಾತಾಡಿದಳು, ನಿನ್ನ ಬಾಯಿಗೂ ಒಂದು ಮಾತು ಬಂತು, "ಬಂದಿದ್ದು ನೋಡಿದೆ ಅತ್ತೆ, ಬಿಟ್ಟುಬಿಟ್ಟೆ." ಹೋದ ವರ್ಷ ಇದೇ ಆಗಿದ್ದರೆ ಆ ಮಾತು ಹೊರಗೆ ಬಿದ್ದು, ಅವಳ ಬಕೆಟ್ ಹೊರಗೆ ಬಿದ್ದು, ವಾರ್ಡನ್ ಫೋನು ಇಲ್ಲಿಗೆ ಬರುತ್ತಿತ್ತು. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಳೆಯುವುದು ಸರಿಯಾಗಿ ಇದನ್ನೇ. ಪರದೆಯ ಮೇಲೆ ಬಾಣದ ಗುರುತು ಬರುತ್ತದೆ, ಬಂದ ಕೂಡಲೇ ಗುಂಡಿ ಒತ್ತಬೇಕು. ನಡುನಡುವೆ ಒಂದು ಸದ್ದಾಗುತ್ತದೆ, ಆಗ ಒತ್ತಲು ಹೊರಟ ಬೆರಳನ್ನು ತಡೆಯಬೇಕು. ಎಡಿಎಚ್‌ಡಿ ಇರುವವರು ಒತ್ತುವುದರಲ್ಲಿ ಹಿಂದೆ ಬೀಳುವುದಕ್ಕಿಂತ ತಡೆಯುವುದರಲ್ಲಿ ಹಿಂದೆ ಬೀಳುತ್ತಾರೆ. ಮೀಥೈಲ್‌ಫೆನಿಡೇಟ್ ಕೊಟ್ಟಾಗ ಆ ತಡೆ ಚುರುಕಾಗುತ್ತದೆ. ಸಿಟ್ಟು ಬರುವುದನ್ನು ಮಾತ್ರೆ ನಿಲ್ಲಿಸುವುದಿಲ್ಲ. ಸಿಟ್ಟಿಗೂ ಕೈಗೂ ನಡುವೆ ನಿನಗೆ ಒಂದಿಷ್ಟು ಸಮಯ ಕೊಡುತ್ತದೆ. ಆ ಸಮಯದಲ್ಲಿ "ಬಿಟ್ಟುಬಿಡೋಣ" ಎಂದು ತೀರ್ಮಾನಿಸಿದ್ದು ನೀನು. ಬೇರೆ ಹುಡುಗಿಯಾಗಿದ್ದರೆ ಅದೇ ಸಮಯವನ್ನು ಇನ್ನೂ ಹರಿತವಾದ ಮಾತು ಹುಡುಕಲು ಬಳಸಿಕೊಳ್ಳುತ್ತಿದ್ದಳೇನೋ!

ಓದಿನದೂ ಹೀಗೇ. 2022ರಲ್ಲಿ ವಿಲಿಯಂ ಪೆಲ್ಹಮ್ ಎಂಬವರ ತಂಡ ಪ್ರಕಟಿಸಿದ ಒಂದು ಅಧ್ಯಯನ ಇದೆ. ಎಡಿಎಚ್‌ಡಿ ಇರುವ 173 ಮಕ್ಕಳು, ಬೇಸಿಗೆ ಶಿಬಿರದ ತರಗತಿಗಳು. ಒಂದಷ್ಟು ವಾರ ಔಷಧ, ಒಂದಷ್ಟು ವಾರ ಖಾಲಿ ಮಾತ್ರೆ. ಔಷಧ ಇದ್ದಾಗ ಮಕ್ಕಳು ನಿಮಿಷಕ್ಕೆ ಶೇಕಡಾ 37ರಷ್ಟು ಹೆಚ್ಚು ಲೆಕ್ಕ ಮಾಡಿದರು. ತರಗತಿಯ ನಿಯಮ ಮುರಿಯುವುದು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇಷ್ಟು ಓದಿದರೆ ನಿಮ್ಮಮ್ಮ ಕುಣಿದಾಡುತ್ತಾಳೆ. ಆದರೆ ಕೊನೆಗೆ ಹೊಸ ಪಾಠದಲ್ಲಿ ಎಷ್ಟು ಕಲಿತರು ಎಂದು ಪರೀಕ್ಷಿಸಿದಾಗ ಔಷಧ ಇದ್ದ ವಾರಗಳಿಗೂ ಇಲ್ಲದ ವಾರಗಳಿಗೂ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಕಲಿತಿದ್ದರು, ಎರಡೂ ಸಲ ಅಷ್ಟಷ್ಟೇ. ಕೂತಿದ್ದರಲ್ಲಿ ಮಾತ್ರೆಗೆ ಪಾಲು ಸಿಕ್ಕಿತು, ಕಲಿತಿದ್ದರಲ್ಲಿ ಸಿಕ್ಕಲಿಲ್ಲ.

ಅದು ಕೆಲವು ವಾರಗಳ ಶಿಬಿರ. ವರ್ಷವಿಡೀ ಕೂರಬೇಕಾದವರ ಕಥೆ ಸ್ವಲ್ಪ ಬೇರೆ ಇದ್ದೀತು. ಸ್ವೀಡನ್ನಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ಔಷಧ ಇದ್ದಾಗಲೂ ಇಲ್ಲದಾಗಲೂ ಬರೆದವರ ಅಂಕ ನೋಡಿದರೆ, ಔಷಧ ಇದ್ದಾಗ ತುಸು ಹೆಚ್ಚು ಬಂದಿದೆ. ತುಸುವೇ. ಪರೀಕ್ಷೆಯ ಪಕ್ಷದವರು ಇದನ್ನು ನಂಬಿ ಮೆಡಿಕಲ್ ಸೀಟಿನ ಲೆಕ್ಕ ಹಾಕುವಂತಿಲ್ಲ. ಮಾತ್ರೆಯಲ್ಲಿ ಫಿಸಿಕ್ಸ್ ಇರುವುದಿಲ್ಲ ಪುಟ್ಟಿ. ಪುಸ್ತಕ ತೆರೆದದ್ದು, ಅರ್ಥವಾಗದ್ದನ್ನು ಇನ್ನೊಮ್ಮೆ ಓದಿದ್ದು, ಲೆಕ್ಚರರ ಹತ್ತಿರ ಹೋಗಿ ಕೇಳಿದ್ದು ನೀನು. ಓದಿದ್ದು ನೀನೇ.

ಇದರಲ್ಲೇ ಒಂದು ಎಚ್ಚರಿಕೆಯೂ ಇದೆ, ಇದನ್ನು ಯಾರೂ ನಿನಗೆ ಹೇಳಿದ ಹಾಗೆ ಕಾಣಲಿಲ್ಲ. ವೋಲ್ಕೋ ತಂಡದವರೇ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಮೀಥೈಲ್‌ಫೆನಿಡೇಟ್ ಕೊಟ್ಟು ಲೆಕ್ಕ ಮಾಡಿಸಿದರು. ಸಪ್ಪೆ ಲೆಕ್ಕ ಅವರಿಗೆ ಎಂದಿಗಿಂತ ಆಸಕ್ತಿಯದಾಗಿ ಕಂಡಿತು, ಅದಕ್ಕೆ ತಕ್ಕ ಹಾಗೆ ಮಿದುಳಿನಲ್ಲಿ ಡೋಪಮೈನ್ ಏರಿತ್ತು. ಅಂದರೆ ಎದುರಿಗಿರುವುದರ ರುಚಿ ಹೆಚ್ಚುತ್ತದೆ. ಎದುರಿಗೆ ಏನಿದೆ ಅನ್ನುವುದನ್ನು ಮಾತ್ರೆ ನೋಡುವುದಿಲ್ಲ. ಅದು ಹಿಡಿಯುವ ಹೊತ್ತಿಗೆ ನಿನ್ನ ಕೈಯಲ್ಲಿ ರೀಲ್ಸ್ ಇದ್ದರೆ ಅದನ್ನೇ ಏಕಾಗ್ರತೆಯಿಂದ ನೋಡುತ್ತೀಯ. ಕಪಾಟಿನ ಬಟ್ಟೆ ಮಡಿಸಲು ಕೂತಿದ್ದರೆ ಮಧ್ಯಾಹ್ನದವರೆಗೂ ಮಡಿಸುತ್ತೀಯ; ಭಾನುವಾರ ಹಾಗೇ ಆಯಿತು ಎಂದು ನೀನೇ ಬರೆದಿದ್ದೀಯ. ಅದಕ್ಕೇ ರಾತ್ರಿಯೇ ನಾಳೆಯ ಪುಸ್ತಕ ತೆಗೆದು, ಓದಬೇಕಾದ ಪುಟಕ್ಕೆ ಪೆನ್ನಿಟ್ಟು, ಮೇಜಿನ ಮೇಲೆ ತೆರೆದಿಟ್ಟು ಮಲಗು. ಫೋನು ರೂಮಿನ ಆ ತುದಿಯಲ್ಲಿರಲಿ. ಈ ಸಣ್ಣ ಏರ್ಪಾಡುಗಳನ್ನು ಮಾತ್ರೆ ಮಾಡಿಕೊಡುವುದಿಲ್ಲ. ಮಾತ್ರೆ ಇದ್ದಾಗ ಇವು ಕೈಗೆ ಹತ್ತುತ್ತವೆ, ಅದೇ ಲಾಭ.

ಮೊದಲ ವಾರ ನೀನು ಮಂಕಾಗಿದ್ದೆಯಂತೆ. ತಮಾಷೆ ಮಾಡಲಿಲ್ಲ, ಗೆಳತಿಯರು "ಏನೇ, ಟೀಚರ್ ಆಗಿಬಿಟ್ಟೆಯಾ" ಅಂದರಂತೆ. ಇದನ್ನು ಸಹಿಸಿಕೊಂಡು ಸುಮ್ಮನಿರಬೇಡ, ಡಾಕ್ಟರಿಗೆ ಹೇಳು. ನಿನಗೆ ತೋಟದ ಮಾತಿನಲ್ಲೇ ಹೇಳುತ್ತೇನೆ. ನಾವು ಈಗ ಮರಗಸಿ ಮುಗಿಸುತ್ತಿದ್ದೇವೆ. ಮರದ ರೆಂಬೆ ಕಡಿಯದೆ ಬಿಟ್ಟರೆ ನೆರಳು ದಟ್ಟವಾಗಿ ಕಾಫಿ ಗಿಡ ಎಲೆ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಬೋಳು ಮಾಡಿದರೆ ಬಿಸಿಲಿಗೆ ಗಿಡ ಸುಡುತ್ತದೆ, ಬೋರರ್ ಹುಳು ಬೀಳುತ್ತದೆ. ಒಂದು ತೋಟದ ಅಳತೆ ಪಕ್ಕದ ತೋಟಕ್ಕೆ ಬರುವುದಿಲ್ಲ. ಡೋಪಮೈನ್ ಕೂಡ ಹೀಗೆಯೇ, ಕಡಿಮೆಯಾದರೆ ಮನಸ್ಸು ಚದುರುತ್ತದೆ, ಮಿತಿಮೀರಿದರೆ ಮನಸ್ಸು ಒಂದೇ ಕಡೆ ಬಿಗಿದುಕೊಂಡು ಮಂಕಾಗುತ್ತದೆ. ಅದಕ್ಕೇ ಡಾಕ್ಟರು ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸುತ್ತ, ಇಳಿಸುತ್ತ ನೋಡುವುದು. ಈ ಔಷಧ ತಾಳದಿದ್ದರೆ ಅಟಮಾಕ್ಸೆಟಿನ್ ಎಂಬ, ಉತ್ತೇಜಕವಲ್ಲದ ಇನ್ನೊಂದು ಇದೆ. ಅದು ಹಿಡಿಯಲು ಕೆಲವು ವಾರಗಳೇ ಬೇಕು. ಮಂಕಾಗಿ ಕೂತ ಹುಡುಗಿ ಮನೆಯವರಿಗೆ, ಕಾಲೇಜಿನವರಿಗೆ ಅನುಕೂಲವಾಗಿ ಕಾಣಬಹುದು. ಅವರ ಅನುಕೂಲಕ್ಕೆ ಕೊಡುವ ಔಷಧವಲ್ಲ ಇದು. ನಗು ಹೋಯಿತೆಂದರೆ ಪ್ರಮಾಣ ತಪ್ಪಿದೆ ಎಂದೇ ತಿಳಿ.

ನಿಮ್ಮಪ್ಪನ ಕೊನೆಯ ಅಸ್ತ್ರ ತೇಜಸ್ವಿ. ಮೂಡಿಗೆರೆ ಸೀಮೆಯವರಿಗೆ ವಾದದಲ್ಲಿ ಸೋಲು ಕಾಣಿಸಿದಾಗ ತೇಜಸ್ವಿ ನೆನಪಾಗುತ್ತಾರೆ. "ಕರ್ವಾಲೊ ಓದು. ಮಂದಣ್ಣನನ್ನು ಊರೆಲ್ಲ ದಂಡಪಿಂಡ ಅಂತಿತ್ತು. ಅವನಿಗೆ ಯಾರು ಮಾತ್ರೆ ಕೊಟ್ಟರು? ಹಾರುವ ಓತಿ ನೋಡಿದವನು ಅವನೇ ಅಲ್ಲವಾ?" ನನಗೂ ಆ ಕಾದಂಬರಿ ಪ್ರಾಣ. 1980ರಲ್ಲಿ ಅದು ಬಂದಾಗ ಕೈಯಿಂದ ಕೈಗೆ ಹೋಗಿ ನಮ್ಮ ಪ್ರತಿಯ ರಟ್ಟೇ ಕಿತ್ತುಹೋಗಿತ್ತು. ಗಮನವೇ ಇಲ್ಲದವನು ಎಂದು ಊರು ಹೇಳಿದವನ ಗಮನ ಎಲ್ಲಿದೆ ಎಂದು ಕಂಡುಹಿಡಿದ ಕಥೆ ಅದು. ನಿನ್ನ ಗಮನವೂ ಎಲ್ಲೋ ಇದೆ, ಸೋಮಾವತಿ ಹಳ್ಳದ ಕಪ್ಪೆಗಳ ಹಿಂದೆ ಗಂಟೆಗಟ್ಟಲೆ ಕೂರುತ್ತಿದ್ದವಳು ನೀನು. ಎಡಿಎಚ್‌ಡಿ ಅಂದರೆ ಗಮನವೇ ಇಲ್ಲ ಎಂದಲ್ಲ, ಬೇಕೆಂದ ಕಡೆ ತಿರುಗಿಸಲು ಆಗದಿರುವುದು. ಆದರೆ ಮಂದಣ್ಣನಿಗೆ ವಿಜ್ಞಾನಿ ಕರ್ವಾಲೊ ಸಿಕ್ಕಿದರು. ಕರ್ವಾಲೊ ಸಿಗದ ಮಂದಣ್ಣಂದಿರು ನಮ್ಮ ಸೀಮೆಯಲ್ಲಿ ಎಷ್ಟು ಜನ ಬಾರಿನ ಬೆಂಚಿನ ಮೇಲೆ ಮುಗಿದುಹೋದರು ಎಂದು ಯಾರೂ ಕಾದಂಬರಿ ಬರೆಯಲಿಲ್ಲ. ಹೆಣ್ಣುಮಕ್ಕಳ ವಿಷಯ ಅದಕ್ಕಿಂತ ಕಷ್ಟ. ಓಡುವ, ಹತ್ತುವ ಹುಡುಗನನ್ನು ಮೇಷ್ಟ್ರು ಗುರುತಿಸುತ್ತಾರೆ. ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯನ್ನು "ಮಳ್ಳಿ" ಎಂದು ಬಿಟ್ಟುಬಿಡುತ್ತಾರೆ.

ಇದು ಮೊಬೈಲಿನ ಕಾಲದ ರೋಗ ಅನ್ನುವವರಿಗೂ ಒಂದು ಮಾತು. ಅಲೆಕ್ಸಾಂಡರ್ ಕ್ರಿಕ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಹುಟ್ಟಿನಿಂದಲೇ ಗಮನ ನಿಲ್ಲದವರ ಬಗ್ಗೆ ಬರೆದದ್ದು 1798ರಲ್ಲಿ. ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಬದುಕಿದ್ದ. ಔಷಧದ ಕಥೆಯೂ ಹಳೆಯದೇ: 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ತಲೆನೋವಿಗೆ ದಾರಿ ಹುಡುಕುತ್ತ 30 ಮಕ್ಕಳಿಗೆ ಬೆಂಝೆಡ್ರಿನ್ ಎಂಬ ಉತ್ತೇಜಕ ಕೊಟ್ಟ. ತಲೆನೋವು ಹೋಗಲಿಲ್ಲ, ಸುಮಾರು ಅರ್ಧದಷ್ಟು ಮಕ್ಕಳು ಶಾಲೆಯ ಕೆಲಸದಲ್ಲಿ ಕೂತುಬಿಟ್ಟರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರಂತೆ. ನಿನ್ನ ಮಾತ್ರೆಯನ್ನು 1944ರಲ್ಲಿ ಬಾಸೆಲ್ ನಗರದ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪಾನಿಝೊನ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ. ಅವನ ಹೆಂಡತಿ ರೀಟಾ ಟೆನಿಸ್ ಆಡುವ ಮುಂಚೆ ಅದನ್ನು ತೆಗೆದುಕೊಳ್ಳುತ್ತಿದ್ದಳಂತೆ, ಅವಳ ಹೆಸರಿನಿಂದಲೇ ರಿಟಾಲಿನ್ ಎಂದಾಯಿತು. ಹೆಂಡತಿಯ ಹೆಸರನ್ನು ಮಾತ್ರೆಗಿಟ್ಟ ಗಂಡನ ಪ್ರೀತಿಯನ್ನು ಹೇಗೆ ಅಳೆಯಬೇಕೋ ನನಗೆ ಗೊತ್ತಿಲ್ಲ.

ಹಾಸ್ಟೆಲಿನಲ್ಲಿ ಇಬ್ಬರು "ಪರೀಕ್ಷೆ ದಿನಕ್ಕೆ ಒಂದು ಕೊಡೇ" ಎಂದು ಕೇಳಿದ್ದಾರಂತೆ. ಕೊಡಬೇಡ. ಚೀಟಿ ಇಲ್ಲದವರಿಗೆ ಕೊಟ್ಟರೆ ಕಾನೂನಿಗೆ ಸಿಕ್ಕಿಬೀಳುತ್ತೀಯ ಅನ್ನುವುದು ಒಂದು. ಅವರಿಗೆ ಹೃದಯದ ತೊಂದರೆ ಇದೆಯೋ ಇಲ್ಲವೋ ನಿನಗೆ ಗೊತ್ತಿಲ್ಲ ಅನ್ನುವುದು ಇನ್ನೊಂದು; ನಿನ್ನ ನಾಡಿ, ರಕ್ತದೊತ್ತಡ ನೋಡಿ, ಮನೆಯಲ್ಲಿ ಯಾರಿಗೆ ಹೃದಯದ ಕಾಯಿಲೆ ಇತ್ತೆಂದು ವಿಚಾರಿಸಿ ಆಮೇಲೆ ಬರೆದುಕೊಟ್ಟದ್ದು. ಮೇಲಾಗಿ ಅವರಿಗೆ ಉಪಯೋಗವೂ ಇಲ್ಲ. ಆಸ್ಟ್ರೇಲಿಯಾದಲ್ಲಿ 40 ಜನ ಆರೋಗ್ಯವಂತರಿಗೆ ಇಂಥ ಔಷಧಗಳನ್ನು ಕೊಟ್ಟು ಕ್ಲಿಷ್ಟವಾದ ಸಮಸ್ಯೆ ಬಿಡಿಸಲು ಹೇಳಿದರು. 2023ರಲ್ಲಿ ಅದು ಪ್ರಕಟವಾಯಿತು. ಅವರು ಹೆಚ್ಚು ಹೊತ್ತು ಒದ್ದಾಡಿದರು, ಹೆಚ್ಚು ಶ್ರಮಪಟ್ಟರು, ಶ್ರಮದ ಗುಣ ಮಾತ್ರ ಇಳಿಯಿತು. ಹಾಗೇ, "ಮಾತ್ರೆ ಹಿಡಿಯಿತು, ಅಂದಮೇಲೆ ರೋಗ ಇದೆ" ಅನ್ನುವ ತರ್ಕವೂ ಸರಿಯಲ್ಲ. 1978ರಲ್ಲಿ ಜುಡಿತ್ ರಾಪೊಪೋರ್ಟ್ ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಒಂದು ಉತ್ತೇಜಕ ಕೊಟ್ಟು ನೋಡಿದಾಗ ಅವರ ಚಡಪಡಿಕೆಯೂ ಇಳಿದಿತ್ತು. ಅದಕ್ಕೇ ನಿನ್ನ ಡಾಕ್ಟರು ಮಾತ್ರೆಗಿಂತ ಮುಂಚೆ ಪ್ರೈಮರಿ ಶಾಲೆಯ ಅಂಕಪಟ್ಟಿ ಕೇಳಿದ್ದು. ಹನ್ನೆರಡು ವರ್ಷಕ್ಕೆ ಮುಂಚೆಯೇ ಲಕ್ಷಣ ಇತ್ತೇ, ಮನೆಯಲ್ಲೂ ಶಾಲೆಯಲ್ಲೂ ಇತ್ತೇ ಎಂದು ನೋಡಿ ಆಮೇಲೆ ರೋಗ ಇದೆ ಎಂದು ಹೇಳುವುದು.

ಊಟದ ವಿಷಯ. ಮಾತ್ರೆ ಹಸಿವನ್ನು ಕೊಲ್ಲುತ್ತದೆ, ಅದಕ್ಕೆ ತಿಂಡಿ ಮೊದಲು, ಮಾತ್ರೆ ಆಮೇಲೆ. ಮಧ್ಯಾಹ್ನ ಊಟ ಸೇರದಿದ್ದರೂ ತಟ್ಟೆಯ ಮುಂದೆ ಕೂರು. ಸಂಜೆ ಔಷಧ ಇಳಿದ ಮೇಲೆ ಹುಚ್ಚು ಹಸಿವಾಗುತ್ತದೆ, ಆಗ ತಿನ್ನಲು ಇರಲಿ ಎಂದು ಬಾಳೆಕಾಯಿ ಚಿಪ್ಸು, ಕಡಲೆಬೀಜದ ಉಂಡೆ ಕಳಿಸುತ್ತಿದ್ದೇನೆ. ಸಾದಾ ಮಾತ್ರೆಯ ಕೆಲಸ ಮೂರು ನಾಲ್ಕು ಗಂಟೆ, ನಿಧಾನವಾಗಿ ಬಿಡುವ ಬಗೆಯದ್ದು ಎಂಟು ಹನ್ನೆರಡು ಗಂಟೆಯವರೆಗೆ. ಇಳಿಯುವ ಹೊತ್ತಿಗೆ ಕೆಲವರಿಗೆ ಕಾರಣವಿಲ್ಲದೆ ಕಿರಿಕಿರಿಯಾಗುತ್ತದೆ. ಆ ಅರ್ಧ ಗಂಟೆ ಯಾರ ಜೊತೆಯೂ ಜಗಳ ತೀರ್ಮಾನಿಸಬೇಡ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮಾತ್ರೆ ಕೆಲಸವೇ ಮಾಡುವುದಿಲ್ಲ ಎಂದು ಅನೇಕ ಹೆಣ್ಣುಮಕ್ಕಳು ಹೇಳುತ್ತಾರೆ. ನಿನಗೂ ಹಾಗಾದರೆ ತಾರೀಕು ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳು, ಇದರಲ್ಲಿ ನಾಚಿಕೆ ಎಂತದು. ತೂಕ ತಿಂಗಳಿಗೊಮ್ಮೆ ನೋಡಿಕೋ.

ಎಷ್ಟು ವರ್ಷ ತೆಗೆದುಕೊಳ್ಳಬೇಕು ಎಂದು ಕೇಳಿದ್ದೀಯ. ನೇರವಾಗಿ ಹೇಳುತ್ತೇನೆ, ಮೊದಲ ವರ್ಷದ ಗುಣ ಹಾಗೇ ಉಳಿಯುತ್ತದೆ ಎಂದು ಯಾರೂ ಬರೆದುಕೊಡಲಾರರು. ಈ ವಿಷಯದ ಅತಿ ದೊಡ್ಡ ಪ್ರಯೋಗಗಳಲ್ಲಿ ಒಂದು ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆಯಿತು. 14 ತಿಂಗಳ ಕೊನೆಗೆ, ಗಮನ ಮತ್ತು ಚಡಪಡಿಕೆಯ ಲೆಕ್ಕದಲ್ಲಿ, ಜೋಪಾನವಾಗಿ ಔಷಧ ಕೊಟ್ಟ ಗುಂಪು ಬರೀ ನಡವಳಿಕೆಯ ತರಬೇತಿ ಪಡೆದ ಗುಂಪಿಗಿಂತ ಮುಂದಿತ್ತು. 1999ರಲ್ಲಿ ಅದು ಪ್ರಕಟವಾದಾಗ ನಾನೂ ತರಗತಿಯಲ್ಲಿ ಉತ್ಸಾಹದಿಂದ ಪಾಠ ಮಾಡಿದ್ದೆ. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು, ಔಷಧ ನಿಲ್ಲಿಸದೆ ತೆಗೆದುಕೊಂಡ ಮಕ್ಕಳ ಎತ್ತರ ಸುಮಾರು ಎರಡು ಸೆಂಟಿಮೀಟರ್ ಕಡಿಮೆ ಇತ್ತು. ಯಾಕೆ ಅಳಿಸಿತು ಎಂದು ಇನ್ನೂ ಜಗಳ ನಡೆಯುತ್ತಿದೆ. ನಿನ್ನ ಎತ್ತರ ಆಗಲೇ ನಿಂತಿದೆ ಬಿಡು. ನಾನು ಹೇಳುವುದು ಇಷ್ಟೇ, ಕಾಲಕಾಲಕ್ಕೆ ಡಾಕ್ಟರ ಜೊತೆ ಕೂತು ಇನ್ನೂ ಬೇಕೇ ಎಂದು ಕೇಳು. ನೀನಾಗಿಯೇ ನಿಲ್ಲಿಸಬೇಡ, ಅವರು ಕೇಳಲಿಲ್ಲವೆಂದು ಸುಮ್ಮನೆ ಮುಂದುವರಿಸಲೂ ಬೇಡ.

ಅಜ್ಜನ ಬಗ್ಗೆ ಒಂದು ಮಾತು ಹೇಳಬೇಕು. ಇದು ಮನೆತನದಲ್ಲಿ ಇಳಿದು ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಆನುವಂಶಿಕತೆಯ ಪಾಲು ಶೇಕಡಾ 70ಕ್ಕಿಂತ ಮೇಲೆ ಬಂದಿದೆ. ನಿನ್ನ ಅಜ್ಜ ಒಂದು ಕೆಲಸ ಮುಗಿಸಿದ್ದನ್ನು ನಾನು ಕಾಣೆ. ಅರ್ಧ ಕಟ್ಟಿದ ಕಣ, ಅರ್ಧ ತೋಡಿದ ಕೆರೆ, ಅರ್ಧ ಕಲಿತ ಹಾರ್ಮೋನಿಯಂ. ಜೀಪಿಗೆ ಕೂತರೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ನಮ್ಮ ಪ್ರಾಣ ಬಾಯಿಗೆ ಬರುತ್ತಿತ್ತು. ಒಮ್ಮೆ ಕೊಟ್ಟಿಗೆಹಾರದ ಹತ್ತಿರ ಜೀಪು ಮಗುಚಿ ಅವರ ಕಾಲು ಮುರಿಯಿತು, ಆ ಕುಂಟು ಕೊನೆಯವರೆಗೂ ಇತ್ತು. ಸ್ವೀಡನ್ನಿನ 17,000ಕ್ಕೂ ಹೆಚ್ಚು ಎಡಿಎಚ್‌ಡಿ ಇರುವವರ ದಾಖಲೆ ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು: ಗಂಡಸರು ಔಷಧದಲ್ಲಿದ್ದ ಅವಧಿಗಳಲ್ಲಿ ಗಂಭೀರ ವಾಹನ ಅಪಘಾತದ ಅಪಾಯ ಶೇಕಡಾ 58ರಷ್ಟು ಕಡಿಮೆ ಇತ್ತು. ಅದನ್ನು ಓದಿದ ದಿನ ನನಗೆ ಅಜ್ಜನ ಕಾಲೇ ಕಣ್ಣ ಮುಂದೆ ಬಂತು. ಅದೇ ಅಧ್ಯಯನದಲ್ಲಿ ಹೆಂಗಸರಿಗೆ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ, ಆದ್ದರಿಂದ ರಜೆಗೆ ಬಂದಾಗ ಸ್ಕೂಟಿ ಮೇಲೆ ಮಾತ್ರೆಯ ಧೈರ್ಯ ತೋರಿಸಬೇಡ, ಹೆಲ್ಮೆಟ್ ಹಾಕು.

ನಿಮ್ಮಪ್ಪ ಅಜ್ಜನ ಮಗ. ಕಣದಲ್ಲಿ ಹರಡಿದ ಕಾಫಿ ಬಿಟ್ಟು ಸಂತೆಗೆ ಹೋಗುವವನು, ಮಾತಾಡುತ್ತಿದ್ದವರ ಮಾತು ಮುಗಿಯುವ ಮುಂಚೆ ಉತ್ತರ ಹೇಳುವವನು. ಅವನ ಸಿಟ್ಟಿನ ಕೆಳಗೆ ಒಂದು ಹೆದರಿಕೆ ಇದೆ ಎಂದು ನನಗನ್ನಿಸುತ್ತದೆ: ನಿನಗೆ ಇದು ಇದೆ ಎಂದು ಒಪ್ಪಿದರೆ ತನ್ನ ಅಪ್ಪನಿಗೂ ಇತ್ತು, ತನಗೂ ಇರಬಹುದು ಎಂದು ಒಪ್ಪಬೇಕಾಗುತ್ತದೆ. ಅವನ ಹತ್ತಿರ ಜಗಳ ಮಾಡಬೇಡ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ "ಅಪ್ಪಾ, ನೀನೂ ಬಾ" ಎಂದು ನೀನೇ ಕರೆ. ನಾನು ಕರೆದರೆ ಬರುವುದಿಲ್ಲ, ನೀನು ಕರೆದರೆ ಬರುತ್ತಾನೆ. ಕಳಸದಿಂದ ಬೆಂಗಳೂರಿನ ರಾತ್ರಿ ಬಸ್ಸಿಗೆ ಮೂರು ಸೀಟು ನಾನು ಹಿಡಿಸುತ್ತೇನೆ. ತಾರೀಕು ಯಾವುದೆಂದು ಈ ವಾರದೊಳಗೆ ಬರೆ, ಮರೆತುಹೋಗುವ ಮುಂಚೆ.

ನಿನ್ನ
ಅತ್ತೆ